ಕೈಕಟ್ಟಿಗೆ ಬಳಿದ ಸುಣ್ಣ

ಅವರ ಬಲಗೈ ಹೆಬ್ಬೆರಳು ಚಪ್ಪಟೆ, ಹುಣಸೆ ಬೀಜದ ಹಾಗೆ ನುಣುಪು. ಅದನ್ನು ಬಂದವರ ಕೈಕಾಲು ಮುರಿದ ಕಡೆ ಒತ್ತಿ, ಕಣ್ಣು ಮುಚ್ಚಿ, ಮೂಳೆ ಏನೋ ಹೇಳುತ್ತಿದೆ ಎಂಬಂತೆ ಕತ್ತು ಓರೆ ಮಾಡಿ ಕೂರುತ್ತಿದ್ದರು. ಕೊಪ್ಪದ ಸುತ್ತಿನವರೆಲ್ಲ ಅವರನ್ನು ಕಟ್ಟಿನ ತಾತ ಎನ್ನುತ್ತಿದ್ದರು. ಮೊಟ್ಟೆಯ ಬಿಳಿಯಲ್ಲಿ ಉದ್ದಿನ ಹಿಟ್ಟು ಕಲಸಿ, ಹಳೇ ಪಂಚೆಗೆ ಬಳಿದು, ಬಿದಿರ ದಬ್ಬೆ ಇಟ್ಟು ಸುತ್ತಿದರೆ ಒಣಗಿ ಹಲಗೆಯಾಗುತ್ತಿತ್ತು. ಆಮೇಲೆ ಯಾರಿಗಾದರೂ ಒಂದೇ ಮಾತು: "ನಾ ಬಿಚ್ಚೋಗಂಟ ಈ ಕೈ ನಂದು. ನೀ ಮುಟ್ಬ್ಯಾಡ."

ಲೋಯರ್ ಸೆಕೆಂಡರಿ ಪರೀಕ್ಷೆಗೆ ಇನ್ನು ಒಂದು ತಿಂಗಳೂ ಇಲ್ಲ ಎನ್ನುವಾಗ ಕಬ್ಬಿನ ಗಾಡಿಯಿಂದ ಬಿದ್ದು ಬಲಗೈ ಮುರಿದುಕೊಂಡೆ. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಅಕ್ಷರ ಕಂಡವರಿಲ್ಲ. ಅಪ್ಪ ಗೋಡೆಗೆ ಒರಗಿ ಕೂತುಬಿಟ್ಟ. ತಾತ ಕಟ್ಟು ಬಿಗಿಯುತ್ತಾ, "ಇನ್ನೊಂದ್ ಕೈ ದನ ಕಾಯಕ್ಕೋಗದಾ? ಅದ್ರಲ್ ಬರೀಲಾ" ಎಂದರು.

"ತಿದ್ದಕ್ಕೆ ಕಾಗದ ಇಲ್ಲ ತಾತ."

"ಇದರ ಮ್ಯಾಲೇ ತಿದ್ದು. ಒತ್ಬ್ಯಾಡ, ಅಷ್ಟೇಯ."

ಎಡಗೈಯಲ್ಲಿ ಲೆಕ್ಕಣಿ ಹಿಡಿದು ಕಟ್ಟಿನ ಮೇಲೇ ತಿದ್ದಿದೆ. ಮಣಿಕಟ್ಟಿನಿಂದ ಮೊಣಕೈವರೆಗೆ ನದಿಗಳು, ರಾಜರು, ಎಲ್ಲ ಅಡ್ಡಾದಿಡ್ಡಿ. ಉಳಿದ ಜಾಗದಲ್ಲಿ ತಂಗಿ ಒಂದು ಗಿಣಿ ಬರೆದಳು. ಊರೆಲ್ಲ ತೋರಿಸಿಕೊಂಡು ತಿರುಗಿದೆ.

ಮದ್ದೂರಿನಲ್ಲಿ ಪರೀಕ್ಷೆಯ ಬಾಗಿಲಲ್ಲಿ ಅದೇ ಕುತ್ತಿಗೆಗೆ ಬಂತು. ಕಾವಲಿದ್ದ ಮೇಷ್ಟ್ರು ಕೈ ನೋಡಿ, "ಪಾಠವನ್ನೇ ಹೊತ್ತು ತಂದಿದ್ದೀಯಲ್ಲ! ಬಿಚ್ಚಿಸಿಕೊಂಡು ಬಾ, ಇಲ್ಲ ಮನೆಗೆ ಹೋಗು" ಎಂದರು. ಗಾಡಿಯ ಕುಲುಕಾಟಕ್ಕೆ ಕಟ್ಟು ಸಡಿಲವಾದೀತೆಂದು ತಾತ ಜೊತೆಗೇ ಬಂದಿದ್ದರು. ಅಪ್ಪ ತಾತನ ಕಾಲು ಹಿಡಿದ: "ಬಿಚ್ಬುಡಿ ತಾತ. ಕೈ ಸೊಟ್ಟಗಾದ್ರೂ ಆಗ್ಲಿ, ಪರೀಕ್ಸೆ ಓಯ್ತದೆ."

"ಸೊಟ್ಟ್ ಕೈಲಿ ನಾಳೆ ಏನ್ ಬರ್ದಾನ್ಲಾ, ನಿನ್ ತಲೇಯ?"

"ಅಂಗಾರೆ ಈ ಎಗಲ ಮ್ಯಾಲಿನ ವಲ್ಲಿ ಸುತ್ಬುಡಿ."

"ಎತ್ತಿ ನೋಡಕಿಲ್ವಾ ಆ ಮೇಷ್ಟ್ರು?"

ತಾತ ಎಲೆಚೀಲದಿಂದ ಸುಣ್ಣದ ಡಬ್ಬಿ ತೆಗೆದು ಅಕ್ಷರಗಳ ಮೇಲೆ ಬಳಿಯತೊಡಗಿದರು. ಮಣಿಕಟ್ಟು ದಾಟುವುದರೊಳಗೆ ಡಬ್ಬಿ ಬರಿದು. ಮರದ ನೆರಳಲ್ಲಿ ಮಕ್ಕಳಿಗಾಗಿ ಕಾಯುತ್ತಿದ್ದವರ ಮುಂದೆ ಹೋಗಿ ಕೈಯೊಡ್ಡಿದರು: "ಒಸಿ ಸುಣ್ಣ ಕೊಡ್ರಪ್ಪ."

"ಯಾವ ಗೋಡೆ ಬಳೀತೀರಿ ತಾತ?"

"ಗೋಡೆ ಅಲ್ಲ ಕಣ್ಲಾ, ಈ ಮಗ ಒಳೀಕೋಗ್ಬೇಕು."

ನಗುತ್ತಲೇ ಒಬ್ಬೊಬ್ಬರೂ ಡಬ್ಬಿ ಬಿಚ್ಚಿದರು. ಒಬ್ಬಾಕೆ ತಳ ಕೆರೆದು, "ತಕ್ಕಳಿ, ಇವತ್ತು ಬರೀ ಎಲೆ ಜಗೀತೀನಿ" ಎಂದಳು. ಗಿಣಿಯ ಸಮೇತ ಎಲ್ಲ ಮುಚ್ಚಿಹೋಯಿತು. ಮೇಷ್ಟ್ರು ಕೈಯನ್ನು ತಿರುಗಿಸಿ ತಿರುಗಿಸಿ ನೋಡಿ, ನಗು ತಡೆದುಕೊಂಡು ಒಳಗೆ ಬಿಟ್ಟರು.

ಎಡಗೈಯಲ್ಲೇ ಬರೆದೆ, ಪಾಸಾದೆ. ಮೈಸೂರಿನಲ್ಲಿ ಬಿ.ಎ. ಮುಗಿಸಿ ಬರುವಷ್ಟರಲ್ಲಿ ತಾತ ತೀರಿಕೊಂಡಿದ್ದರು. ನಮ್ಮ ವಂಶದಲ್ಲಿ ಮೊದಲು ಪದವಿ ಪಡೆದವನು ನಾನು. ಹೇಳಿಕೊಳ್ಳಲು ಸಂಕೋಚವಿಲ್ಲ, ಕಷ್ಟಪಟ್ಟೇ ಓದಿದ್ದೇನೆ. ಆದರೆ ಆ ದಿನ ಕೈ ಹೋದರೆ ಹೋಗಲಿ ಎಂದು ಅಪ್ಪ ಒಪ್ಪಿದ್ದ, ನಿಜ ಹೇಳಬೇಕೆಂದರೆ ನಾನೂ ಒಪ್ಪಿದ್ದೆ. ಒಪ್ಪದವರು ತಾತ ಒಬ್ಬರೇ. ಆವತ್ತು ಪರೀಕ್ಷೆ ಮುಗಿಸಿ ಹೊರಗೆ ಬಂದಾಗ ಎಲ್ಲರೂ "ಎಂಗ್ ಬರ್ದೆ, ಎಂಗ್ ಬರ್ದೆ" ಎಂದು ಮುತ್ತಿಕೊಂಡರು. ತಾತ ಅವರನ್ನೆಲ್ಲ ಸರಿಸಿ ನನ್ನ ಬಲಗೈ ಎತ್ತಿ ಹಿಡಿದು, "ಬೆಟ್ಟು ಅಲ್ಲಾಡ್ಸು" ಎಂದರು.

ಐದೂ ಬೆರಳು ಅಲ್ಲಾಡಿಸಿದೆ.