ಕನಕಮ್ಮ ಹಾಲನ್ನು ನಂಬಿದ್ದಳು

ಕನಕಮ್ಮ ತೀರಿಕೊಂಡು ಮೂರು ತಿಂಗಳಾಯಿತು. ಅವಳಿಗೆ ಇಪ್ಪತ್ತೆಂಟು ವರ್ಷ. ಹೊಟ್ಟೆಯಲ್ಲಿ ಎಂಟು ತಿಂಗಳ ಮಗುವಿತ್ತು, ಮನೆಯಲ್ಲಿ ಒಂದು ವರ್ಷದ ಹೆಣ್ಣುಮಗು. ಮಣ್ಣಿಗೆ ಬಂದವರು ಅವಳ ಗಂಡ ಗ್ಯಾನಪ್ಪನ ಕಡೆ ನೋಡಿ, ಒಂದು ವರ್ಷವಾದರೂ ತಡೆಯಬಾರದಿತ್ತೇ ಎಂದು ಪಿಸುಗುಟ್ಟಿಕೊಂಡರು. ಅವನು ತಲೆ ತಗ್ಗಿಸಿ ಕೂತಿದ್ದ. ತಪ್ಪು ಅವನೊಬ್ಬನದಲ್ಲ ಎಂದು ಅವತ್ತು ನಾನು ಹೇಳಬೇಕಿತ್ತು. ಹೇಳಲಿಲ್ಲ. ಈಗ ಬರೆಯುತ್ತಿದ್ದೇನೆ.

ನಾವಿಬ್ಬರೂ ಗುರುಗುಂಟಾದವರು. ನಮ್ಮಪ್ಪನ ಕಿರಾಣಿ ಅಂಗಡಿಯ ಹಿಂದೆಯೇ ಅವಳ ಮನೆ. ಒಂಬತ್ತನೇ ಇಯತ್ತೆಯವರೆಗೆ ಒಂದೇ ಬೆಂಚು. ಆಮೇಲೆ ಅವಳು ಅವ್ವನ ಜೊತೆ ಕಳೆ ಕೀಳಲು ಹೊಲಕ್ಕೆ ಹೋದಳು, ನಾನು ಓದಿ ಸಿಂಧನೂರಿನಲ್ಲಿ ಟೀಚರ್ ಆದೆ. ಅವಳನ್ನು ಸಿಂಧನೂರಿನ ಹತ್ತಿರದ ತುರ್ವಿಹಾಳಕ್ಕೆ ಕೊಟ್ಟಿದ್ದರಿಂದ ಸ್ನೇಹ ಉಳಿಯಿತು. ಸಂತೆಗೆ ಬಂದರೆ ನಮ್ಮ ಮನೆಯಲ್ಲಿ ಅರ್ಧ ತಾಸು ಕೂತು, ಚಹಾ ಕುಡಿದು, ನನ್ನ ಅಡುಗೆಗೆ ಹೆಸರಿಟ್ಟು ಹೋಗುತ್ತಿದ್ದಳು. ಒಣಬೇಸಾಯದ ಊರಿನ ಹುಡುಗಿ ಕಾಲುವೆ ಊರಿಗೆ ಹೋಗಿ ಎರಡೇ ವರ್ಷದಲ್ಲಿ ಭತ್ತದ ನಾಟಿ ಕಲಿತು, ಹದಿನಾಲ್ಕು ಹೆಣ್ಣುಮಕ್ಕಳ ಗುಂಪಿಗೆ ಮುಂದಾಳಾದಳು. ನಾಟಿಯ ಸಾಲಿನಲ್ಲಿ ಅವಳ ಕೈ ಎಷ್ಟು ಚುರುಕೆಂದರೆ ಪಕ್ಕದಲ್ಲಿ ನಿಲ್ಲಲು ಉಳಿದವರು ಒಪ್ಪುತ್ತಿರಲಿಲ್ಲ.

ಮೊದಲನೆಯ ಮಗನಿಗೆ ನಾಲ್ಕು ವರ್ಷ ತುಂಬಿದ ಮೇಲೆ ಹೆಣ್ಣುಮಗು ಹುಟ್ಟಿತು. ಹೊಟ್ಟೆ ಕೊಯ್ದು ತೆಗೆಯಬೇಕಾಯಿತು. ಮೈಯಲ್ಲಿ ರಕ್ತ ಕಡಿಮೆ, ಮೂರು ವರ್ಷ ಇನ್ನೊಂದು ಬೇಡ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಕನಕಮ್ಮನಿಗೂ ಬೇಡವಾಗಿತ್ತು. ಒಂದೂವರೆ ತಿಂಗಳು ಕಳೆದ ಮೇಲೆ ಊರಿನ ಆಶಾ ಕಾರ್ಯಕರ್ತೆ ಮೈಮುನಾಬಿ ಮನೆಗೆ ಬಂದು, ಗರ್ಭ ನಿಲ್ಲದಂತೆ ವಂಕಿ ಹಾಕಿಸು, ಇಲ್ಲ ಮೂರು ತಿಂಗಳಿಗೊಂದು ಸೂಜಿ ತಗೋ ಎಂದಳು. ಅವತ್ತು ನಾನೂ ಮಗು ನೋಡಲು ಹೋಗಿದ್ದೆ.

"ಬ್ಯಾಡ ಮೈಮುನಾಕ್ಕ," ಎಂದಳು ಕನಕಮ್ಮ. "ನಮ್ಮವ್ವ ಐದು ಮಂದಿ ಹಡದಾಳ. ಒಬ್ಬೊಬ್ಬರ ನಡಕ ಮೂರು ವರ್ಷ. ಆಕಿಗೆ ಯಾರು ವಂಕಿ ಹಾಕಿದ್ರು? ಕೂಸು ಕುಡಿಯೋತನಕ ಮುಟ್ಟು ಬರಂಗಿಲ್ಲ. ಮುಟ್ಟು ಬರೋತನಕ ಬಸುರು ನಿಲ್ಲಂಗಿಲ್ಲ."

"ನಿಮ್ಮವ್ವನ ಮೈಯೇ ಬ್ಯಾರೆ, ನಿನ್ನ ಮೈಯೇ ಬ್ಯಾರೆ."

"ಆಕಿ ಹೊಟ್ಟ್ಯಾಗಿಂದನ ಬಂದೀನಲ್ಲ, ಬ್ಯಾರೆ ಹೆಂಗಾತು?" ಎಂದು ನಕ್ಕು, ನನ್ನ ಕಡೆ ತಿರುಗಿದಳು. "ಹೌದಿಲ್ಲೋ ಐಸು? ನೀ ಓದಿದಾಕಿ, ಹೇಳು."

ನಾನು ಎಲ್ಲಿಯೋ ಓದಿದ್ದೆ. ಹಾಲೂಡಿಸುವ ತಾಯಿಗೆ ಗರ್ಭ ನಿಲ್ಲುವುದು ಅಪರೂಪ ಎಂದಷ್ಟು ನೆನಪಿತ್ತು. "ಸುಳ್ಳಲ್ಲ ಅದು, ಪುಸ್ತಕದಾಗೂ ಐತಿ," ಎಂದೆ. ಮೈಮುನಾಬಿ ನನ್ನನ್ನು ಒಮ್ಮೆ ನೋಡಿ ತನ್ನ ಚೀಲ ಎತ್ತಿಕೊಂಡಳು. "ಟೀಚರಮ್ಮನ ಹೇಳಿದ ಮ್ಯಾಲ ನಂದೇನೈತಿ," ಎಂದು ಹೋದಳು. ಆಮೇಲೂ ಎರಡು ಸಲ ಬಂದು ಕೇಳಿದಳಂತೆ. ಕನಕಮ್ಮ ಎರಡು ಸಲವೂ ನನ್ನ ಮಾತನ್ನೇ ಹೇಳಿ ಕಳಿಸಿದಳಂತೆ.

ಮಗುವಿಗೆ ಮೂರು ತಿಂಗಳಾದಾಗ ಕಾಲುವೆಗೆ ನೀರು ಬಿಟ್ಟರು. ನಾಟಿ ಶುರುವಾಯಿತು. ಬೆಳಿಗ್ಗೆ ಆರಕ್ಕೆ ಟಂಟಂ ಗಾಡಿ ಬಂದು ನಿಲ್ಲುತ್ತಿತ್ತು, ತಿರುಗಿ ಬರುವಾಗ ದೀಪ ಹಚ್ಚುವ ಹೊತ್ತು. ನಾಟಿ ಎಕರೆ ಲೆಕ್ಕದ ಗುತ್ತಿಗೆ. ಒಬ್ಬಳು ಬದುವಿಗೆ ಹೋಗಿ ಕೂತರೆ ಇಡೀ ಸಾಲು ಹಿಂದೆ ಬೀಳುತ್ತದೆ. ಆದ್ದರಿಂದ ಕೂಸುಗಳನ್ನು ತರಬಾರದು ಎಂಬುದು ಗುಂಪಿನ ಕಟ್ಟಳೆ. ಅದನ್ನು ಮಾಡಿದ್ದೇ ಕನಕಮ್ಮ. ಈಗ ತನಗೊಂದು ಬೇರೆ ಕಾನೂನು ಮಾಡಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ. ಮಗುವನ್ನು ಅತ್ತೆಯ ಹತ್ತಿರ ಬಿಟ್ಟಳು. ಅತ್ತೆ ಹಗಲಿಡೀ ಪಾಕೀಟಿನ ಹಾಲು, ಗಂಜಿಯ ತಿಳಿ ಕುಡಿಸಿದಳು. ಕನಕಮ್ಮ ಬೆಳಿಗ್ಗೆ ಒಂದು ಸಲ, ರಾತ್ರಿ ಎರಡು ಸಲ ಕುಡಿಸುತ್ತಿದ್ದಳು. ಒಮ್ಮೊಮ್ಮೆ ಕುಡಿಸುತ್ತಲೇ ನಿದ್ದೆ ಹೋಗುತ್ತಿದ್ದಳು.

ಮೊದಮೊದಲು ಮಧ್ಯಾಹ್ನಕ್ಕೆ ಎದೆ ಕಲ್ಲಾಗಿ ಕುಪ್ಪಸ ತೊಯ್ಯುತ್ತಿತ್ತು. ಊಟದ ಬಿಡುವಿನಲ್ಲಿ ಬದುವಿನ ಮೇಲೆ ಕೂತು ಹಾಲನ್ನು ಹಿಂಡಿ ನೀರಿಗೆ ಬಿಡುತ್ತಿದ್ದಳು. ಜೊತೆಗಿದ್ದವರು ಸುಮ್ಮನಿರುತ್ತಿರಲಿಲ್ಲ.

"ಸಾವ್ಕಾರನ ಗದ್ದಿಗೆ ಹಾಲು ಬಿಟ್ಟೀಯಲ್ಲ ಬೇ, ಈ ಸರ್ತಿ ಅಕ್ಕಿ ಬೆಳ್ಳಗ ಬರ್ತಾವ ಬಿಡು."

"ಬರ್ಲಿ. ತಿನ್ನೋರು ನನ್ನ ಅವ್ವ ಅಂತ ಕರೀಲಿ."

ಇದನ್ನು ಅವಳೇ ನನಗೆ ಹೇಳಿ ನಗಿಸಿದ್ದಳು. ದಸರೆಯ ಹೊತ್ತಿಗೆ ಬಂದಾಗ, ಈಗ ಆ ಬಾಧೆ ಇಲ್ಲ, ಹಗಲಿಗೆ ಹಾಲೇ ಇಳಿಯುವುದಿಲ್ಲ, ಆರಾಮ ಎಂದಳು. ನನಗೂ ಒಳ್ಳೆಯದೇ ಆಯಿತು ಅನ್ನಿಸಿತು. ನನ್ನ ಎದುರಿಗೇ ಹೇಳಿದ ಮಾತದು. ನಾನು ಚಹಾ ಸೋಸುತ್ತಿದ್ದೆ.

ಆಮೇಲೆ ಅವಳು ಸೊರಗಿದಳು. ಹಿಂಗಾರಿನ ನಾಟಿ ಬಂತು, ಅದರಲ್ಲೂ ಬಾಗಿ ದುಡಿದಳು. ವಾಂತಿಯಾದರೆ ಕೀಟನಾಶಕ ಎಣ್ಣೆ ಹೊಡೆದ ಗದ್ದೆಯ ವಾಸನೆ ಎಂದಳು. ಕಾಲು ಬಾತರೆ ನೀರಿನಲ್ಲಿ ನಿಂತದ್ದಕ್ಕೆ ಎಂದಳು. ಮಗು ಮೊಲೆಯನ್ನು ಬಾಯಿಗೆ ತಗೊಂಡು ಬಿಟ್ಟು ಬಿಟ್ಟು ಅಳುತ್ತಿತ್ತು. ಮುಟ್ಟು ಬಂದೇ ಇರಲಿಲ್ಲವಾದ್ದರಿಂದ ಬಸುರು ನಿಂತಿತು ಎಂದು ತಿಳಿಯಲು ಏನೂ ಇರಲಿಲ್ಲ. ಶಿವರಾತ್ರಿ ಮುಗಿದ ಮೇಲೆ, ಹೊಟ್ಟೆಯಲ್ಲಿ ಏನೋ ಹೊರಳಿದಂತೆ ಆಗುತ್ತದೆ ಎಂದು ನನ್ನ ಹತ್ತಿರ ಬಂದಳು. ಸಿಂಧನೂರಿನಲ್ಲೇ ಸ್ಕ್ಯಾನಿಂಗ್ ಮಾಡಿಸಿದೆವು. ಐದು ತಿಂಗಳು ಎಂದರು.

ಹೊರಗೆ ಬೆಂಚಿನ ಮೇಲೆ ಕೂತೆವು. ಮಗು ಅವಳ ತೊಡೆಯ ಮೇಲಿತ್ತು.

"ಮುಟ್ಟ ಆಗಿಲ್ಲಲ್ಲೇ ಐಸು. ನಿಲ್ಲೋದು ಹೆಂಗ?"

ಅಷ್ಟರಲ್ಲಿ ನಾನು ಒಳಗೆ ನರ್ಸಮ್ಮನನ್ನು ಕೇಳಿ ಬಂದಿದ್ದೆ. "ಮೊದಲು ತತ್ತಿ ಬಿಡುಗಡಿ ಆಕ್ಕೈತಂತ. ಮುಟ್ಟು ಬರೋದು ಅದರ ಹಿಂದ. ಆ ಮೊದಲನೇ ತತ್ತಿಗೇ ನಿಂತ್ರ ಮುಟ್ಟು ಬರೋದೇ ಇಲ್ಲ," ಎಂದೆ. "ಹಾಲು ಕಾಯೋದು ಖರೇ. ಆದ್ರ ಆರು ತಿಂಗಳತನಕ ಅಷ್ಟ. ಅದೂ ಕೂಸಿಗೆ ಬ್ಯಾರೆ ಏನೂ ಹಾಕದ, ಹಗಲು ರಾತ್ರಿ ಎದಿಗೆ ಹಚ್ಚಿಕೊಂಡಿದ್ರ."

ಅವಳು ಬಹಳ ಹೊತ್ತು ಮಗುವಿನ ಕೂದಲು ಸವರುತ್ತಿದ್ದಳು.

"ಇಷ್ಟೂ ಅವತ್ತ ಹೇಳಬಾರದಾ?"

"ಅವತ್ತ ನನಗೂ ಗೊತ್ತಿದ್ದಿಲ್ಲ."

"ಗೊತ್ತಿಲ್ಲ ಅಂದಿದ್ರ ಆಗ್ತಿತ್ತು," ಎಂದಳು. ಸಿಟ್ಟಿನಿಂದ ಹೇಳಲಿಲ್ಲ, ಸುಸ್ತಾಗಿದ್ದಳು. ಆಮೇಲೆ ಬಸ್ಸಿಗೆ ಹೊತ್ತಾಯಿತು ಎಂದು ಎದ್ದಳು.

ಮಾಸು ಹಳೆಯ ಕೊಯ್ತದ ಗಾಯದ ಮೇಲೆಯೇ ಕೂತಿದೆ, ರಕ್ತ ಆರೇ ಗ್ರಾಂ ಇದೆ ಎಂದು ಡಾಕ್ಟರು ಎಚ್ಚರಿಸಿದ್ದರು. ರಕ್ತ ಏರಿಸಿದರು, ಗುಳಿಗೆ ಕೊಟ್ಟರು, ಹೆರಿಗೆಗೆ ರಾಯಚೂರಿಗೇ ಹೋಗಬೇಕು ಎಂದರು. ಬಸುರಿಯ ಹಾಲು ಕೂಸಿಗೆ ಆಗುವುದಿಲ್ಲ ಎಂದು ಅತ್ತೆ ಅವತ್ತೇ ಬಿಡಿಸಿದಳು. ಕನಕಮ್ಮ ತವರಿಗೆ ಬಂದಳು. ಎಂಟನೇ ತಿಂಗಳಿನಲ್ಲಿ ಒಂದು ಬೆಳಿಗ್ಗೆ ನೀರು ತುಂಬುತ್ತಿದ್ದಾಗ ರಕ್ತ ಹೋಗಲು ಶುರುವಾಯಿತು. ನಿಲ್ಲಲಿಲ್ಲ. ಆಂಬುಲೆನ್ಸ್ ಲಿಂಗಸುಗೂರು ಮುಟ್ಟಿದಾಗ ಅವಳಿರಲಿಲ್ಲ. ಮಗುವೂ ಉಳಿಯಲಿಲ್ಲ.

ಕಳೆದ ವಾರ ಗುರುಗುಂಟಾಕ್ಕೆ ಹೋಗಿದ್ದೆ. ಎರಡೂ ಮಕ್ಕಳು ಕನಕಮ್ಮನ ಅವ್ವನ ಹತ್ತಿರ ಇದ್ದಾರೆ. ಮಸ್ಕಿಗೆ ಕೊಟ್ಟ ಕನಕಮ್ಮನ ತಂಗಿ ಅಂಜಲಿಯೂ ಬಂದಿದ್ದಳು. ಅವಳ ಕೂಸಿಗೆ ನಾಲ್ಕು ತಿಂಗಳು. ಹತ್ತಿ ಬಿಡಿಸಲು ಹೋಗುತ್ತೇನೆ, ಕೂಸನ್ನು ಅತ್ತೆ ನೋಡಿಕೊಳ್ಳುತ್ತಾಳೆ ಎಂದಳು.

"ಮುಟ್ಟಾಗೀಯೇನು?" ಎಂದು ಕೇಳಿದೆ.

"ಇಲ್ಲಕ್ಕ. ಕೂಸು ಕುಡೀತೈತಲ್ಲ, ಇನ್ನ ಫಿಕರ್ ಇಲ್ಲ."

ನಾನು ಅವಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಈ ಸಲ ಪೂರ್ತಿ ಹೇಳಿದೆ. ಅವಳು ಒಪ್ಪಲಿಲ್ಲ. "ಹಂಗಾರ ನಮ್ಮವ್ವಗ ಯಾಕ ನಿಲ್ಲಲಿಲ್ಲ?" ಎಂದಳು.

ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ನಾ ನಿಮ್ಮನ್ನ ಬಿಟ್ಟು ಎಲ್ಲಿ ಹೋಗಿದ್ನೆ? ಹೊಲದಾಗ ಬನ್ನಿ ಗಿಡಕ್ಕ ಜೋಳಗಿ ಕಟ್ಟಿ ಮಲಗಸ್ತಿದ್ದೆ. ಒಂದು ಸಾಲು ಕಳೆ ತಗದು ಬಂದು ಕುಡಸ್ತಿದ್ದೆ, ಮತ್ತೊಂದು ಸಾಲು ತಗದು ಬರ್ತಿದ್ದೆ. ವರ್ಷತನಕ ನಿಮ್ಮ ಬಾಯಾಗ ನನ್ನ ಮೊಲಿನ ಇರ್ತಿತ್ತು." ರೊಟ್ಟಿಯನ್ನು ಹೆಂಚಿಗೆ ಹಾಕಿದರು. "ಹಾಲು ಕಾಯ್ತೈತಿ ಅಂತ ಆಕಿಗೆ ಹೇಳಿದಾಕಿ ನಾನ. ಎಷ್ಟು ಸರ್ತಿ ಕುಡಸ್ತಿದ್ದೆ ಅಂತ ಹೇಳಲಿಲ್ಲ. ಆಕಿ ಕೇಳಲಿಲ್ಲ. ಗದ್ದ್ಯಾಗ ಒಂದು ಗಿಡನೂ ಇಲ್ಲಂತ ನನಗೇನು ಗೊತ್ತು?"

ರೊಟ್ಟಿ ತಿರುವಿ ಅಂಜಲಿಯ ಕಡೆ ನೋಡಿದರು.

"ಸೋಮವಾರ ಐಶ್ವರ್ಯನ ಕೂಡ ದವಾಖಾನಿಗೆ ಹೋಗು," ಎಂದರು ಅವ್ವ.

"ಸೋಮವಾರ ಹತ್ತಿ ಬಿಡಸೋದು ಐತಿ ಬೇ."

"ಇರ್ಲಿ ಬಿಡು."

"ಅವರಿಗೆ ಒಂದು ಮಾತು ಕೇಳಬೇಕು," ಎಂದಳು ಅಂಜಲಿ. ಗಂಡನನ್ನು ಕುರಿತ ಮಾತು ಅದು.

"ಕೇಳು. ನಾನೂ ಮಾತಾಡ್ತೀನಿ, ಫೋನ್ ಹಚ್ಚು," ಎಂದರು ಅವ್ವ.

ಅವನು ಒಪ್ಪಲು ಎರಡು ದಿನ ಬೇಕಾಯಿತು. ಸೋಮವಾರ ರಜೆ ಹಾಕಿ ಮಸ್ಕಿಯ ದವಾಖಾನೆಗೆ ಹೋದೆ. ಅಂಜಲಿ ಕೂಸನ್ನು ಎತ್ತಿಕೊಂಡು ಸರದಿಯಲ್ಲಿ ಕೂತಿದ್ದಳು. ಅವಳ ಮುಂದೆ ಏಳು ಮಂದಿ ಇದ್ದರು. ವಂಕಿ ಹಾಕಿದರೆ ನೋಯುತ್ತದೇನಕ್ಕ ಎಂದು ಕೇಳಿದಳು. ನನಗೆ ಗೊತ್ತಿಲ್ಲ, ಒಳಗೆ ಅವರನ್ನೇ ಕೇಳು ಎಂದೆ.