ಬಿಚ್ಚಿ ನೋಡದ ಪಟ್ಟಿ

ಮಂಡಿ ನೋವಿದ್ದರೂ ಹಟ ಹಿಡಿದು ಆಡಿ ಬಸವರಾಜ ಕಾಲೇಜಿಗೆ ಫುಟ್‌ಬಾಲ್ ಕಪ್ ತಂದ ಎನ್ನುತ್ತಾರೆ. ಕೇಳಿ ಕೇಳಿ ಸಾಕಾಗಿದೆ. ಹಟ ಯಾರದು? ಫೈನಲ್ ದಿನ ಬೆಳಿಗ್ಗೆ ಅವನನ್ನು ಟ್ರಾಮಿನಿಂದ ಇಳಿಸಿ ದವಾಖಾನೆಗೆ ಕರೆದೊಯ್ದವನು ನಾನು. ಡಾಕ್ಟರು ನಮ್ಮ ತಂಡದ ಹಳೆಯ ಕ್ಯಾಪ್ಟನ್. ಮಂಡಿಯ ಪಟ್ಟಿ ಬಿಚ್ಚದೆಯೇ ‘ಆಡಲು ಯೋಗ್ಯ’ ಎಂದು ಬರೆದು ಸಹಿ ಹಾಕಿದರು.

“ಮೆಟ್ಟಲಾ ಹತ್ತಾಕ ಆಗವಲ್ದ್ರೀ ಸಾಹೇಬ್ರ,” ಎಂದ ಬಸವರಾಜ.

“ಮೈದಾನದಲ್ಲಿ ಮೆಟ್ಟಿಲು ಎಲ್ಲುಂಟು ಮಾರಾಯಾ?” ಎಂದು ಡಾಕ್ಟರು ನಕ್ಕರು.

ವರ್ಷವಾಯಿತು. ಗ್ರಾಂಟ್ ರೋಡಿನ ಚಾಳಿನಲ್ಲಿ ಮೂರನೇ ಮಹಡಿಯ ತನ್ನ ಖೋಲಿಗೆ ಬಸವರಾಜ ಇಂದಿಗೂ ಗೋಡೆ ಹಿಡಿದೇ ಹತ್ತುತ್ತಾನೆ. ಮೊನ್ನೆ ಕಾಲೇಜಿನ ಸಮಾರಂಭದಲ್ಲಿ ಅವನ ಧೈರ್ಯವನ್ನು ಹೊಗಳಿ ಮಾತನಾಡಿದವರು ಅದೇ ಡಾಕ್ಟರು. ವೇದಿಕೆಯಿಂದ ಇಳಿದವರನ್ನು ತಡೆದು ಕೇಳಿದೆ: “ಅವನ ಮನೆಗೆ ಮೆಟ್ಟಿಲುಗಳಿವೆ, ಡಾಕ್ಟ್ರೇ. ಈಗಲಾದರೂ ಆ ಮಂಡಿ ನೋಡ್ತೀರಾ?”