ಎಡಗಡೆಯ ಸ್ವಿಚ್ಚು

ಸುನಂದಾ, ಉದ್ಘಾಟನೆಯ ದಿನ ಎಡಗಡೆಯ ಸ್ವಿಚ್ಚು ಬಂದ್ ಮಾಡಿ ತೋರಿಸಿ ಎಂದು ನೀನು ಕೇಳಿದೆ, ನಾನು ಮಾಡಲಿಲ್ಲ. ಮಾಡಿದ್ದರೆ ಎಲ್ಲವೂ ಅಲ್ಲೇ ನಿಂತುಹೋಗುತ್ತಿತ್ತು — ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನನ್ನು ಅಷ್ಟು ಜನರ ಮುಂದೆ ನಗೆಪಾಟಲು ಮಾಡಿದೆ. ಮೊನ್ನೆ ಮೈಕಿನ ಮುಂದೆ ತಡವರಿಸುತ್ತ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಹೇಳುತ್ತೇನೆ.

ಇದು ಬಹಿರಂಗ ಪತ್ರ, ಓದುವ ಉಳಿದವರಿಗೂ ತಿಳಿಯಲಿ. ಅಣ್ಣಿಗೇರಿಯ ಬಾಜು ನಮ್ಮದು ರೈತರ ಗೋದಾಮು ಸಂಘ. ಕಡಲೆ, ಹೆಸರು, ಮೆಣಸಿನಕಾಯಿ — ಸುತ್ತಲ ಹಳ್ಳಿಗಳ ಮಾಲೆಲ್ಲ ಇಲ್ಲೇ ತೂಗಿ ಇಲ್ಲೇ ಇಡುವುದು. ಸುಗ್ಗಿಯಲ್ಲಿ ಟ್ರ್ಯಾಕ್ಟರುಗಳ ಸಾಲು ದೊಡ್ಡ ರಸ್ತೆ ಮುಟ್ಟುತ್ತದೆ. ಕಂಪ್ಯೂಟರ್ ನಿಂತರೆ ತೂಕದ ಕಾಟಾ ನಿಂತಿತು, ಕಾಟಾ ನಿಂತರೆ ನಮ್ಮ ಹಡೆದವರ ಹೆಸರೆಲ್ಲ ಹೊರಗೆ ಬಂತು! ಹಳೆಯ ಸರ್ವರ್ ಸುಗ್ಗಿಯಲ್ಲೇ ಕೈಕೊಟ್ಟ ಮೇಲೆ, ಹೊಸ ವ್ಯವಸ್ಥೆಯ ಯೋಜನೆ ನಮ್ಮಿಬ್ಬರ ಪಾಲಿಗೆ ಬಂತು. ನಾನು ಕಂಪ್ಯೂಟರ್ ವಿಭಾಗದ ಮುಖ್ಯಸ್ಥ. ನೀನು ಹೊಸದಾಗಿ ಸೇರಿದ್ದ ಇಂಜಿನಿಯರ್, ಮೊರಬದವಳು.

ನಕ್ಷೆ ನಿನ್ನದೇ. ಜೋಡಿ ಸರ್ವರ್ — ಒಂದು ಬಿದ್ದರೆ ಇನ್ನೊಂದು ಕೆಲಸ ಎತ್ತಿಕೊಳ್ಳಬೇಕು. ಎರಡಕ್ಕೂ ಸೇರಿ ಒಂದು ಸ್ಟೋರೇಜ್ ಪೆಟ್ಟಿಗೆ. ಊರವರ ಮಾಲಿನ ಲೆಕ್ಕವೆಲ್ಲ ಅದರ ಡಿಸ್ಕುಗಳಲ್ಲಿ. ಸರ್ವರಿಗೂ ಪೆಟ್ಟಿಗೆಗೂ ನಡುವೆ ಮಾಹಿತಿ ದಾಟಿಸುವ ಎರಡು ಸ್ವಿಚ್ಚು, ಕೋಣೆಯ ಎಡಕ್ಕೊಂದು, ಬಲಕ್ಕೊಂದು. ನಾನು ಒಂದೇ ಸಾಕು ಅಂದಿದ್ದೆ. ನೀನು ಜಗ್ಗಲಿಲ್ಲ.

"ಸರ, ನೆಲದಾಗ ಜ್ವಾಳಾ ತುಂಬಿಡೋ ಹಗೇವಕ್ಕ ಒಂದ ಬಾಯಿ ಸಾಕ್ರಿ. ಇದಕ್ಕ ಸಾಲಂಗಿಲ್ಲ. ಒಂದು ದಾರಿ ಮುಚ್ಚಿದರ ಇನ್ನೊಂದು ತೆರದಿರಬೇಕು."

ಒಪ್ಪಿಕೊಂಡೆ. ಒಳಗೊಳಗೇ ಹೆಮ್ಮೆಯೂ ಆಗಿತ್ತು — ಆದರೆ ಬಾಯಿಬಿಟ್ಟು ಹೇಳಲಿಲ್ಲ. ಹೊಗಳುವ ವಿಷಯದಲ್ಲಿ ನನ್ನಷ್ಟು ಜಿಪುಣ ಇನ್ನೊಬ್ಬನಿಲ್ಲ.

ಉದ್ಘಾಟನೆಯ ಹಿಂದಿನ ದಿನ, ನೀನು ಮನೆಗೆ ಹೋದ ಮೇಲೆ, ಅಧ್ಯಕ್ಷರಾದ ಚೆನ್ನಬಸಪ್ಪ ಕಾಕಾ ಒಳಗೆ ಬಂದರು. ಬಂದವರೇ ಹೌಹಾರಿದರು.

"ಏ ತಮ್ಮಾ, ಮಂದಿ ಲೆಕ್ಕಾ ಎಲ್ಲಾ ಇದರಾಗ ಐತಿ, ತಿಜೋರಿ ಇದ್ದಂಗ ಅಂತೀ. ಮತ್ತ ದಕ್ಷಿಣಕ್ಕ ಮುಖಾ ಮಾಡಿ ಇಟ್ಟೀಯಲ್ಲೋ! ತಿಜೋರಿ ಉತ್ತರಕ್ಕ ನೋಡಬೇಕು. ತಿರುಗಸು ಮೊದಲ!"

ತಿರುಗಿಸಬೇಕೆಂದರೆ ಪೆಟ್ಟಿಗೆಯನ್ನು ಎದುರಿನ ಗೋಡೆಗೇ ಒಯ್ಯಬೇಕು. ನಾಲ್ಕು ಹಮಾಲರು ಬಂದರು, ಒಯ್ದರು. ಕಾಕಾ ಕೈಮುಗಿದು ಹೋದರು. ಆಮೇಲೆ ನೋಡಿದರೆ — ಬಲಗಡೆಯ ಸ್ವಿಚ್ಚಿಗೆ ಹೋಗಬೇಕಾದ ಕೇಬಲ್ ಒಂದು ಮೊಳ ಗಿಡ್ಡ. ಗಂಟು ಹಾಕಲು ಅದೇನು ಹಗ್ಗವೇ? ಉದ್ದನೆಯದು ಹುಬ್ಬಳ್ಳಿಯಿಂದ ಬರಬೇಕು, ಬೆಳಗಾದರೆ ಉದ್ಘಾಟನೆ. "ಕಾಕಾ, ಸ್ವಿಚ್ಚು ಬಂದ್ ಮಾಡಿ ತೋರಿಸುವ ಪರೀಕ್ಷೆ ಎಂಟು ದಿನ ಮುಂದಕ್ಕೆ ಹಾಕೋಣ" ಎಂದಿದ್ದರೆ ಮುಗಿಯುತ್ತಿತ್ತು. ದಿನವಿಡೀ ಹರಟುವ ಈ ನಾಲಿಗೆ ಆಗ ಹೊರಳಲಿಲ್ಲ. ಪೆಟ್ಟಿಗೆಯ ಎರಡೂ ಕೇಬಲುಗಳನ್ನು ಹತ್ತಿರವಿದ್ದ ಎಡಗಡೆಯ ಸ್ವಿಚ್ಚಿಗೇ ಸಿಕ್ಕಿಸಿದೆ. ನಕ್ಷೆಯಲ್ಲಿ ಎರಡು ದಾರಿ, ಕೋಣೆಯಲ್ಲಿ ಒಂದೇ.

ಮರುದಿನ ನಿರ್ದೇಶಕರೆಲ್ಲ ಬಂದರು, ರೈತರು ಬಾಗಿಲತನಕ ತುಂಬಿದರು. ಒಂದು ಸ್ವಿಚ್ಚು ಸತ್ತರೂ ಕಾಟಾ ನಿಲ್ಲುವುದಿಲ್ಲ ಎಂದು ಭಾಷಣ ಬಿಗಿದು, ಬಲಗಡೆಯದನ್ನು ಬಂದ್ ಮಾಡಿದೆ. ಅದಕ್ಕೆ ಪೆಟ್ಟಿಗೆಯ ಸಂಬಂಧವೇ ಇರಲಿಲ್ಲ, ಏನೂ ಆಗಲಿಲ್ಲ. ಚಪ್ಪಾಳೆಯೋ ಚಪ್ಪಾಳೆ! ಆಗ ನೀನು ಜಾಗ ಬದಲಾದ ಪೆಟ್ಟಿಗೆಯನ್ನೇ ನೋಡುತ್ತಿದ್ದವಳು ಮೆಲ್ಲಗೆ ಅಂದೆ —

"ಸರ, ಎಡಗಡೆದೂ ಬಂದ್ ಮಾಡಿ ತೋರಸ್ರಿ."

ನಾನು ಜನರ ಕಡೆ ತಿರುಗಿದೆ. ಬಾಯಿಂದ ಬಂದದ್ದು ಇದು: "ಅಲ್ಲವಾ, ಮದುವಿ ಮುಗಿದ ಮ್ಯಾಲ ಗಂಡಿನ ಕುಲಾ ಕೇಳ್ತೀಯಲ್ಲ! ಇಷ್ಟು ಅನುಮಾನ ಇದ್ದವರು ಮನ್ಯಾಗ ಕುಂದರಬೇಕು."

ಎಲ್ಲರೂ ನಕ್ಕರು. ನೀನು ನಗಲಿಲ್ಲ, ಅಳಲೂ ಇಲ್ಲ — ತಲೆ ಬಗ್ಗಿಸಿ ಹೊರಗೆ ನಡೆದೆ.

ಮರುವಾರ ಉದ್ದನೆಯ ಕೇಬಲ್ ಬಂತು. ಊಟದ ಹೊತ್ತಿನಲ್ಲಿ ಯಾರೂ ಇಲ್ಲದ್ದು ನೋಡಿ, ಒಬ್ಬನೇ ಬಲಗಡೆಯ ಸ್ವಿಚ್ಚಿಗೆ ಜೋಡಿಸಿದೆ. ನೀನು ಬಾಗಿಲಲ್ಲಿ ನಿಂತು, "ಉದ್ದನ ಕೇಬಲ್ ಬಂತೇನ್ರಿ ಸರ?" ಅಂದೆ. ಅಷ್ಟು ಸಮಾಧಾನದಿಂದ ಕೇಳಿದೆ ನೋಡು, ಹೌದು ಅಂದಿದ್ದರೆ ನಕ್ಕು ಬಿಟ್ಟುಬಿಡುತ್ತಿದ್ದೆಯೋ ಏನೋ. "ಯಾವ ಕೇಬಲ್?" ಎಂದೆ ನಾನು. ಮೊದಲನೆಯದು ಹೆದರಿಕೆಯಿಂದ ಆದದ್ದು. ಇದು — ಇದನ್ನು ಅಗದಿ ತಣ್ಣಗೆ ಮಾಡಿದೆ.

ನಿನಗೆ 'ಅನುಮಾನದಕ್ಕ' ಎಂದು ಹೆಸರು ಬಿತ್ತು. ಬಡ್ತಿ ತಪ್ಪಿತು. ನೀನೇ ಕೇಳಿಕೊಂಡು ಅಳ್ನಾವರದ ಶಾಖೆಗೆ ಹೋದೆ. ನಿನ್ನ ನಕ್ಷೆ ನನ್ನ ಹೆಸರಲ್ಲಿ ಮೆರೆಯಿತು.

ಈ ಸಲದ ಕಡಲೆ ಸುಗ್ಗಿ. ಕರೆಂಟು ಏರಿಳಿದು ಸುಟ್ಟ ವಾಸನೆ ಬಂತು. ಓಡಿ ಹೋಗಿ ನೋಡಿದರೆ — ಎಡಗಡೆಯ ಸ್ವಿಚ್ಚೇ! ಕರಕಾಗಿ ಸತ್ತಿತ್ತು. ಹೊರಗಿನ ಕೂಗಾಟಕ್ಕೆ ಕಿವಿಗೊಟ್ಟು ನಿಂತೆ. ಕೂಗಾಟ ಎಲ್ಲಿದೆ? ಕಾಟಾದ ಮೇಲೆ ಟ್ರ್ಯಾಕ್ಟರ್ ಏರುತ್ತಿತ್ತು, ಇಳಿಯುತ್ತಿತ್ತು, ಚೀಟಿ ಹೊರಬರುತ್ತಿತ್ತು. ಸ್ವಿಚ್ಚು ಸತ್ತದ್ದು ಒಬ್ಬ ರೈತನಿಗೂ ಗೊತ್ತಾಗಲಿಲ್ಲ! ಕೋಣೆಯಲ್ಲಿ ನಾನೊಬ್ಬನೇ ಕುಣಿದೆ. "ಗೆದ್ದೆವಲ್ಲ ಸುನಂದಾ!" ಎಂದು ಚೀರಿಯೇ ಬಿಟ್ಟೆ. ಚೀರಿದ ಮೇಲೆ ನಿನ್ನ ಹೆಸರು ಆ ಗೋಡೆಗಳ ನಡುವೆ ಉಳಿದುಕೊಂಡಿತು, ನಾನು ಬಾಗಿಲು ಎಳೆದುಕೊಂಡು ಹೊರಗೆ ಬಂದೆ.

ಕಾಟಾ ನಿಲ್ಲದ್ದಕ್ಕೆ ಸಂಘದವರು ಸಭೆ ಕರೆದು ನನಗೆ ಶಾಲು ಹೊದಿಸಿದರು. ನೀನೂ ನಿನ್ನ ಶಾಖೆಯವರೂ ಅಳ್ನಾವರದಿಂದ ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದಿರಿ. ಮೈಕು ಹಿಡಿದೆ, ಬರೆದು ತಂದಿದ್ದೆಲ್ಲ ಮರೆತುಹೋಯಿತು.

"ಸುನಂದಾ... ಉದ್ದನ ಕೇಬಲ್ ಬಂದಿತ್ತವಾ. ನಾನ ಹಾಕಿದ್ದೆ."

ಯಾರಿಗೂ ತಿಳಿಯಲಿಲ್ಲ. ನೀನು ಮಾತ್ರ ಥಟ್ಟನೆ ತಲೆಯೆತ್ತಿದೆ. ಉಳಿದದ್ದನ್ನು ತಡವರಿಸುತ್ತ ಹೇಳಿದೆ — ನಕ್ಷೆ ಯಾರದು, ಅಂದು ಎಡಗಡೆಯದನ್ನು ಯಾಕೆ ಮುಟ್ಟಲಿಲ್ಲ. ಕಾಕಾ ಎದ್ದು, "ಆ ಪೆಟಗಿ ಸರಿಸಿದಾಂವ ನಾನು, ಸುಳ್ಳು ಹೇಳಿದಾಂವ ನೀನು. ನಕ್ಕವರು ನಾವೆಲ್ಲಾ" ಎಂದು ಹೇಳಿ, ನನ್ನ ಹೆಗಲ ಶಾಲನ್ನು ತೆಗೆದುಕೊಂಡು ನಿನ್ನ ಕಡೆ ನಡೆದರು. ಬಾಗಿಲಲ್ಲಿ ನಿಂತಿದ್ದ ರೈತರು ಶಿಳ್ಳೆ ಹೊಡೆದು ಚಪ್ಪಾಳೆ ತಟ್ಟಿದರು ನೋಡು — ನನ್ನ ಜನ್ಮದಲ್ಲಿ ಅಂಥ ಚಪ್ಪಾಳೆ ಕೇಳಿಲ್ಲ. ಅದು ನನ್ನದಲ್ಲ ಅನ್ನುವುದೇ ಅದರ ಸೊಗಸು.

ನೀನು ಶಾಲು ಹೊದ್ದು ಸೀದಾ ಸರ್ವರ್ ಕೋಣೆಗೆ ಬಂದೆ. ಹೊಸದಾಗಿ ಕೂರಿಸಿದ್ದ ಎಡಗಡೆಯ ಸ್ವಿಚ್ಚು ತೋರಿಸಿ, "ಈಗ ಬಂದ್ ಮಾಡ್ರಿ ಸರ" ಅಂದೆ. ಎಲ್ಲರ ಕಣ್ಣೆದುರು ಬಂದ್ ಮಾಡಿದೆ. ಕಾಟಾ ನಡೆದೇ ಇತ್ತು. ನೀನು ನನ್ನ ಕಡೆ ನೋಡಲಿಲ್ಲ, ಆಗಲಿ ಬಿಡ್ರಿ ಅನ್ನಲಿಲ್ಲ. ನಾನೂ ಕೇಳಲಿಲ್ಲ; ಕೇಳುವ ಹಕ್ಕು ನನಗಿಲ್ಲ.

ಅಳ್ನಾವರದ ಶಾಖೆಗೂ ಇಂಥದೇ ವ್ಯವಸ್ಥೆ ಬರುತ್ತಿದೆ. ಯೋಜನೆಯ ಮುಖ್ಯಸ್ಥೆ ನೀನು. ನಿನ್ನ ಕೈಕೆಳಗೆ ಒಬ್ಬರು ಬೇಕೆಂದಾಗ ನಾನು ನನ್ನ ಹೆಸರನ್ನೇ ಕೊಟ್ಟೆ. ನಿನ್ನೆ ನಿನ್ನ ಮೊದಲ ಅಪ್ಪಣೆ ಬಂತು: "ಮೊದಲ ಪೆಟಗಿ ಎಲ್ಲಿ ಇಡೋದು ಅಂತ ಹಿರಿಯರನ್ನ ಕೇಳ್ರಿ. ಆಮ್ಯಾಲ ಕೇಬಲ್ ಅಳೀರಿ." ನಾಳೆ ಬೆಳಿಗ್ಗೆ ಟೇಪು ಹಿಡಿದು ಹೊರಡುತ್ತೇನೆ.